ಫ್ರೆಂಚ್ ಏಣಿ

ಹೊಸಕೋಟೆಯ ಅಂಗಡಿಯಲ್ಲಿ ನಾನು ಟೈಲ್ಸ್ ಆರಿಸಿ ಬಂದು ಎಂಟು ದಿನವೂ ಆಗಿರಲಿಲ್ಲ, ನನ್ನ ಸೊಸೆ ನಡುಮನೆಯ ಗೋಡೆಗೆ ಮಣ್ಣು ಮೆತ್ತುತ್ತೇನೆ ಎಂದಳು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ, ನೀವೇ ಹೇಳಿ.

ನಾನು ವರಲಕ್ಷ್ಮಮ್ಮ. ಬೂದಿಗೆರೆಯ ಮಗ್ಗುಲಲ್ಲಿರುವ ನಮ್ಮೂರ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಊರ ಮಕ್ಕಳ ಮೂಗು ಒರೆಸಿ ನಿವೃತ್ತಳಾದವಳು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಮೂವತ್ತು ವರ್ಷ ಮಣ್ಣಿನ ನೆಲಕ್ಕೆ ಸಗಣಿ ಸಾರಿಸಿದ್ದೇನೆ. ನನ್ನ ಮಂಡಿ ಸವೆದದ್ದು ಅಲ್ಲೇ. ಒಂಬತ್ತು ವರ್ಷದ ಹಿಂದೆ ಆ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದಾಗ ನೆಲಕ್ಕೆ ಕೆಂಪು ಗಾರೆ ಹಾಕಿಸಿ, "ಟೈಲ್ಸ್ ಆಮೇಲೆ ನೋಡಾಣ" ಎಂದರು ನಮ್ಮೆಜಮಾನರು ಪಿಳ್ಳಪ್ಪ. ಆ ಆಮೇಲೆ ಬರುವಷ್ಟರಲ್ಲಿ ನನಗೆ ಅರವತ್ತು ತುಂಬಿತ್ತು.

ಸೊಸೆ ಸಿಂಚನ ಈ ಮಾತು ತೆಗೆದದ್ದು ಕಾರ್ತಿಕದ ಕೊನೆಯಲ್ಲಿ, ಎಲ್ಲರೂ ಊಟಕ್ಕೆ ಕೂತಾಗ. ಮುದ್ದೆ, ಅವರೆಕಾಳು ಸಾರು. ಅವಳು ದೊಡ್ಡಬಳ್ಳಾಪುರ ಟೌನಿನಲ್ಲಿ ಬೆಳೆದವಳು, ಮನೆ ಅಲಂಕಾರದ ಕೋರ್ಸ್ ಮಾಡಿದವಳು. ಮದುವೆಯಾಗಿ ಎರಡು ವರ್ಷವಾದರೂ ಆ ಓದಿಗೆ ಒಂದು ಕೆಲಸವೂ ಸಿಕ್ಕಿರಲಿಲ್ಲ.

"ಅತ್ತೆ, ಟೈಲ್ಸ್‌ನೋರಿಗೆ ಒಂದ್ ತಿಂಗಳು ತಡೀರಿ ಅಂತೀರಾ? ವಿಲ್ಲಾದ ಕೀರ್ತನ ಮೇಡಂ ಗೆಸ್ಟ್‌ಹೌಸ್ ಕಟ್ಟಿಸ್ತಿದ್ದಾರಲ್ಲ, ಒಳಗಡೆ ಫ್ರೆಂಚ್ ಹಳ್ಳಿ ಮನೆ ತರ ಬೇಕಂತೆ. ಮಣ್ಣಿನ ಗೋಡೆ, ಹುಲ್ಲು, ಗೋಣಿ, ಹಳೇ ಮರ, ಒಣಗಿದ ಹೂವು. ಎಲ್ಲಾ ನ್ಯಾಚುರಲ್. ಮೊದ್ಲು ಒಂದ್ ರೂಮ್ ಮಾಡಿ ತೋರ್ಸು, ಆಮೇಲೆ ಕೆಲಸ ಕೊಡ್ತೀನಿ ಅಂದ್ರು. ನನ್ನತ್ರ ಇರೋ ರೂಮ್ ಅಂದ್ರೆ ನಮ್ಮ ಹಾಲ್ ಒಂದೇ."

ಫೋನಿನಲ್ಲಿ ಫೋಟೋ ತೋರಿಸಿದಳು. ಬಣ್ಣ ಕಾಣದ ಗೋಡೆ, ಪಾಲಿಶ್ ಕಾಣದ ಮೇಜು, ಕಿಟಕಿಗೆ ಗೋಣಿತಾಟು. ಸೂರಿನಿಂದ ಏಣಿಯೊಂದನ್ನು ಅಡ್ಡಡ್ಡಲಾಗಿ ತೂಗುಹಾಕಿ ಅದಕ್ಕೆ ಒಣಗಿದ ಸೊಪ್ಪಿನ ಕಟ್ಟುಗಳನ್ನು ಇಳಿಬಿಟ್ಟಿದ್ದರು.

"ಯಾಕೆ, ಪಾಪ, ಫ್ರಾನ್ಸ್‌ನೋರಿಗೆ ಟೈಲ್ಸ್ ಹಾಕ್ಸೋಕೆ ಗತಿ ಇಲ್ವಾ?" ಎಂದೆ.

ಎಜಮಾನರು ನಕ್ಕು ಸಾರು ನೆತ್ತಿಗೆ ಹತ್ತಿಸಿಕೊಂಡರು. ಏರ್‌ಪೋರ್ಟಿನ ಗೋದಾಮಿನಲ್ಲಿ ಕೆಲಸ ಮಾಡುವ ಮಗ ವೇಣುಗೋಪಾಲ ಹೆಂಡತಿಯ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ಮುದ್ದೆ ಮುರಿಯುತ್ತಾ ಕೂತ. ನಮ್ಮತ್ತೆ ಅಮ್ಮಯಮ್ಮ ಮಾತ್ರ ಫೋನನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಎಂಬತ್ತನಾಲ್ಕು ವರ್ಷ, ಕಡ್ಡಿಯಂಥ ದೇಹ, ಬಾಯಿ ಮಾತ್ರ ಗಟ್ಟಿ.

"ಗ್ವಾಡೆ ಚೆನ್ನಾಗದೆ. ಆದ್ರೆ ಕೈ ಸರೀಗೆ ಆಡ್ಸಿಲ್ಲ. ನಮ್ ಸಪ್ಪಲಿ ಆಗಿದ್ರೆ ಕನ್ನಡಿ ಮಾಡಿರೋಳು."

ಸಪ್ಪಲಿಯ ಹೆಸರು ಬಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ತಟ್ಟೆಯಲ್ಲೇ ಕೆಲಸವಿರುತ್ತದೆ. ಅಂದೂ ಹಾಗೇ ಆಯಿತು. ಅಮ್ಮಯಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, "ನಾನು ಕಣ್ಮುಚ್ಚೋ ಒಳಗೆ ನನ್ನ ಮಗಳು ಈ ಮನೇಲಿ ಕೂತ್ಕಂಡು ಒಂದೊತ್ತು ಉಂಡ್ರೆ ಸಾಕಾಗಿತ್ತು. ಬ್ಯಾರೆ ಏನೂ ಬ್ಯಾಡ" ಎಂದರು.

"ನಾನೇನ್ ಬೇಡ ಅಂದಿದ್ನಾ ಅತ್ತೆ?" ಎಂದೆ ನಾನು. ಪ್ರತಿ ಸಲವೂ ಅದನ್ನೇ ಹೇಳುತ್ತೇನೆ.

ಸಪ್ಪಲಮ್ಮ ನಮ್ಮೆಜಮಾನರ ಅಕ್ಕ, ನಂದಗುಡಿಗೆ ಕೊಟ್ಟ ಹೆಣ್ಣು. ಮುಚ್ಚುಮರೆ ಯಾಕೆ, ಅವರು ತವರು ಬಿಟ್ಟದ್ದು ನನ್ನ ಬಾಯಿಂದ. ಹಳೆ ಮನೆ ಕೆಡವಿದ ದಿನ ಅವರು ಬಂದಿದ್ದರು. ಜೆಸಿಬಿ ಹೋದ ಮೇಲೆ ಬಿದ್ದ ಗೋಡೆಯ ಮುಂದೆ ಕೂತು, ಒಂದು ಹೆಂಟೆ ಕೆಮ್ಮಣ್ಣು ಎತ್ತಿ ಸೆರಗಿಗೆ ಕಟ್ಟಿಕೊಂಡರು. ಆಗ ಊರೆಲ್ಲಾ ಅಕ್ಕತಂಗಿಯರು ಪಾಲು ಕೇಳುವ ಕಾಲ. ಜಮೀನಿನ ಬೆಲೆ ಏರಿತ್ತು, ಮನೆಮನೆಯಲ್ಲೂ ವಕೀಲರ ನೋಟಿಸು. ನನಗೂ ತಲೆ ಕೆಟ್ಟಿತ್ತು. ಹತ್ತು ಜನ ಕೆಲಸದವರ ಮುಂದೆ, "ಪಾಲು ಕೇಳೋಕೆ ಬಂದ್ರಾ ಅತ್ತಿಗೆ? ಅದೇ ನಿಮ್ಮ ಪಾಲಿನ ಮಣ್ಣು, ತಗೊಂಡೋಗಿ" ಎಂದುಬಿಟ್ಟೆ.

ಅವರು ಪಾಲು ಬೇಡವೆಂದು ಹಿಂದಿನ ವಾರವೇ ಸಹಿ ಹಾಕಿ ಕೊಟ್ಟಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ.

ಅವರು ಸೆರಗು ಕೊಡವಿ ಎದ್ದರು. "ಇನ್ ಮ್ಯಾಲೆ ನಮ್ಮವ್ವನ್ನ ಎತ್ತೋ ದಿನಾನೇ ನಾನು ಇಲ್ಲಿ ಕಾಲಿಡೋದು" ಎಂದು ಹೇಳಿ ಹೋದವರು ಒಂಬತ್ತು ವರ್ಷ ಬರಲಿಲ್ಲ. ಅಮ್ಮಯಮ್ಮ ಎರಡು ಸಲ ನಂದಗುಡಿಗೆ ಹೋಗಿ ಬಂದರು. ಮೊಣಕಾಲು ಹಿಡಿದುಕೊಂಡ ಮೇಲೆ ಅದೂ ನಿಂತಿತು. ನಾನು ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಮೊದಮೊದಲು ಹಟಕ್ಕೆ, ಆಮೇಲೆ ನಾಚಿಕೆಗೆ.

ನಡುಮನೆಯನ್ನು ಸಿಂಚನಳಿಗೆ ಬಿಟ್ಟುಕೊಟ್ಟದ್ದು ಎಜಮಾನರು. "ಒಂದ್ ತಿಂಗಳು ತಾನೇ. ಆಗ್ಲಿಲ್ಲ ಅಂದ್ರೆ ಮೇಲೇನೇ ಟೈಲ್ಸ್ ಹೊಡ್ಸುದ್ರಾಯ್ತು" ಎಂದರು. ನಾನು ಎರಡು ದಿನ ಅವರ ಕಾಫಿಗೆ ಸಕ್ಕರೆ ಹಾಕಲಿಲ್ಲ.

ಮೊದಲ ವಾರ ಸಿಂಚನ ಯೂಟ್ಯೂಬ್ ನೋಡಿ ಮಣ್ಣು ಕಲಸಿದಳು. ಕೆರೆಯ ಏರಿಯ ಕಡೆಯಿಂದ ವೇಣು ನಾಲ್ಕು ಚೀಲ ಕೆಮ್ಮಣ್ಣು ತಂದು ಹಾಕಿ, ಡ್ಯೂಟಿಗೆ ಹಾಕುವ ಶರ್ಟು ಕೆಡಿಸಿಕೊಂಡು ನನ್ನ ಹತ್ತಿರ ಬೈಸಿಕೊಂಡ. ಗೋಡೆಯ ಪೇಂಟಿನ ಮೇಲೆಯೇ ಮೆತ್ತಿದಳು ಪುಣ್ಯಾತ್ಗಿತ್ತಿ. ಮೂರನೆಯ ದಿನ ಬೆಳಿಗ್ಗೆ ನಾವು ಉಪ್ಪಿಟ್ಟು ತಿನ್ನುತ್ತಿದ್ದಾಗ ಇಡೀ ಗೋಡೆಯ ಮಣ್ಣೇ ಧೊಪ್ಪೆಂದು ಕೆಳಗೆ ಬಂತು. ಉಪ್ಪಿಟ್ಟಿನ ತಟ್ಟೆಗೂ ಮಣ್ಣು, ಎಜಮಾನರ ಬೊಕ್ಕತಲೆಗೂ ಮಣ್ಣು.

"ಫ್ರಾನ್ಸ್ ಬಿತ್ತು" ಎಂದರು ಅವರು, ತಲೆ ಒರೆಸಿಕೊಳ್ಳುತ್ತಾ.

ನಾನು ನಗುವುದಿರಲಿ, ಬಾಯಿಗೆ ಬಂದದ್ದೆಲ್ಲಾ ಅಂದೆ. "ಓದಿರೋಳು ಅಂತ ತಂದ್ಕೊಂಡ್ವಿ. ಬಡವರ ಮನೆ ಗೋಡೆ ನೋಡಿಲ್ವೇನೇ ನೀನು? ನಾವು ಅದ್ರಿಂದ ಹೊರಗ್ ಬರೋಕೆ ಎಷ್ಟ್ ಒದ್ದಾಡಿದ್ದೀವಿ ಗೊತ್ತಾ ನಿಂಗೆ?"

ಸಿಂಚನ ಅಳಲಿಲ್ಲ. ಗುದ್ದಲಿ ತಂದು ಮಣ್ಣು ಬಾಚತೊಡಗಿದಳು. "ಗೊತ್ತಿಲ್ಲ ಅತ್ತೆ. ಹೇಳ್ಕೊಡಿ ಅಂತ ಕೇಳಿದ್ರೆ ನೀವು ಬೈತೀರ, ಅದಕ್ಕೇ ಯೂಟ್ಯೂಬ್ ನೋಡ್ದೆ."

ಉತ್ತರ ಕೊಟ್ಟವರು ಅಮ್ಮಯಮ್ಮ, ಜಗಲಿಯಿಂದಲೇ.

"ಏ ಹುಡ್ಗಿ, ಪೇಂಟ್ ಮ್ಯಾಲೆ ಮಣ್ಣು ಹೆಂಗ್ ನಿಂತಾತು? ಗ್ವಾಡೆ ಕೊಚ್ಚಿ ಗಾಯ ಮಾಡ್ಬೇಕು ಮೊದ್ಲು. ಮಣ್ಣಿಗೆ ರಾಗಿ ಹೊಟ್ಟು, ಸಗಣಿ ಹಾಕಿ ನಾಕ್ ದಿನ ಕೊಳೆಯಾಕ್ ಬಿಡ್ಬೇಕು. ದಿನಾ ತುಳೀಬೇಕು. ನಿಮ್ಮತ್ತೇಗೆ ಇದೆಲ್ಲ ಗೊತ್ತು. ಟೈಲ್ಸ್ ಕಣ್ಣಿಗೆ ಬಿದ್ಮೇಲೆ ಮರ್ತೋಗದೆ."

ಅವತ್ತಿನಿಂದ ಮನೆಯಲ್ಲಿ ಮೇಸ್ತ್ರಿ ಯಾರು ಎಂಬ ಪ್ರಶ್ನೆ ಉಳಿಯಲಿಲ್ಲ. ಆರು ತಿಂಗಳಿಂದ ಜಗಲಿ ದಾಟದಿದ್ದ ಮುದುಕಿ ಊರುಗೋಲು ಹಿಡಿದು ಹಿತ್ತಲಿಗೆ ನಡೆದರು. ಕಲ್ಲಿನ ಮೇಲೆ ಕೂತು ಮಣ್ಣಿನ ಗುಂಡಿಗೆ ಕೈ ಹಾಕಿ, ಮೂಸಿ ನೋಡಿ, "ಇನ್ನೂ ಹುಳಿ ಬಂದಿಲ್ಲ, ತುಳಿ" ಎನ್ನುವರು. ಸಿಂಚನ ಸೀರೆ ಎತ್ತಿ ಕಟ್ಟಿ ತುಳಿಯುವಳು. ವೇಣುವಿಗೆ ವಾರದ ರಜೆಯ ದಿನ ಗೋಡೆ ಕೊಚ್ಚುವ ಕೆಲಸ. ಅಮ್ಮಯಮ್ಮ ಎರಡು ಹೊತ್ತೂ ಮುದ್ದೆ ಉಣ್ಣತೊಡಗಿದರು, ಮಧ್ಯಾಹ್ನ ಇನ್ನರ್ಧ ಕೇಳಿ ಹಾಕಿಸಿಕೊಂಡರು. ನಾನು ಬೈಯುತ್ತಲೇ ಇದ್ದೆ, ಆದರೆ ಸಾರು ಮಾತ್ರ ಅವರಿಗೆ ಬೇಕಾದ ಹಾಗೇ ಮಾಡಿದೆ.

ಎರಡನೆಯ ವಾರಕ್ಕೆ ಎರಡು ಗೋಡೆ ನಿಂತವು. ಗೋಣಿಚೀಲ ಒಗೆದು, ಅಂಚಿಗೆ ಬಿಳಿ ದಾರದ ಹೊಲಿಗೆ ಹಾಕಿ, ಪರದೆ ಕಟ್ಟಿದಳು. ಮೂರು ಸಲ ಒಗೆದರೂ ನನಗೆ ಹಿಂಡಿಯ ವಾಸನೆಯೇ ಬರುತ್ತಿತ್ತು. ದೊಡ್ಡಬೆಳವಂಗಲದ ಕಡೆಯಿಂದ ಅವಳ ತಂದೆ ಒಂದು ಹೊರೆ ದವನ ಕಳುಹಿಸಿದರು. ಫ್ರಾನ್ಸಿನವರು ಇಂಥ ಜಾಗಕ್ಕೆ ಲ್ಯಾವೆಂಡರ್ ಎಂಬ ಹೂ ಒಣಗಿಸಿ ತೂಗುಹಾಕುತ್ತಾರಂತೆ. ನಮ್ಮಲ್ಲಿ ಅದೆಲ್ಲಿ ಬರಬೇಕು, ದವನವೇ ಆಗಲಿ ಎಂದಳು. ಆ ವಾಸನೆಗೆ ಮಾತ್ರ ನಾನು ಏನೂ ಅನ್ನಲಿಲ್ಲ.

"ಈ ಮೂರ್ನೇ ಗ್ವಾಡೆ ನನ್ ಕೈಲಾಗಲ್ಲ ಕಣವ್ವ. ಎತ್ರ. ಸಪ್ಪಲಿ ಇದ್ದಿದ್ರೆ" ಎಂದು ಅಮ್ಮಯಮ್ಮ ಮತ್ತೆ ತೆಗೆದರು. ಸಿಂಚನ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಫೋನೆತ್ತಿಕೊಂಡು ಹಿತ್ತಲಿಗೆ ಹೋದಳು. ಎರಡು ನಿಮಿಷಕ್ಕೇ ವಾಪಸ್ಸು.

"ಏನಂದ್ರು?" ಎಂದರು ಎಜಮಾನರು.

"ಮೊದ್ಲು ಚೆನ್ನಾಗೇ ಮಾತಾಡಿದ್ರು ಮಾವ. ಬನ್ನಿ ಅಂದೆ. 'ಯಾರ್ ಕರೀಬೇಕೋ ಅವ್ರು ಕರೀಲಿ' ಅಂತ ಇಟ್ಬಿಟ್ರು."

ಎಲ್ಲರೂ ನನ್ನನ್ನು ನೋಡಿದರು. ನಾನು ಎದ್ದು ಪಾತ್ರೆ ತೊಳೆಯಲು ಹೋದೆ.

ಇನ್ನು ಉಳಿದದ್ದು ಆ ಏಣಿ. ಕೀರ್ತನ ಮೇಡಂ ಭಾನುವಾರ ನೋಡಲು ಬರುವುದೆಂದು ಗೊತ್ತಾಗಿತ್ತು. ಶುಕ್ರವಾರ ಮಧ್ಯಾಹ್ನ ಸಿಂಚನ ಬಿದಿರು ಕೆಲಸದ ಭೀಮರಾಜನಿಗೆ ಫೋನು ಮಾಡಿದಳು. ಅವರಿಬ್ಬರ ಮಾತು ನನಗೆ ತಿಳಿದದ್ದು ಮಾರನೆಯ ದಿನ, ಅದೂ ಭೀಮರಾಜನ ಬಾಯಿಂದ. ನಿಮಗೆ ಇಲ್ಲೇ ಹೇಳಿಬಿಡುತ್ತೇನೆ.

"ಅಣ್ಣಾ, ನಾನು ಪಿಳ್ಳಪ್ಪನೋರ ಸೊಸೆ. ಒಂದು ಬಿದಿರಿನ ಏಣಿ ಬೇಕಿತ್ತು. ನಾಳೆ ಬೆಳಿಗ್ಗೇನೇ ಬೇಕು."

"ಯಾವ್ ಏಣಿ ತಾಯಿ? ಹತ್ತಾದಾ?"

"ಅಯ್ಯೋ ಹತ್ತೋದಲ್ಲ ಅಣ್ಣ. ಮಲಗ್ಸೋದು. ಆರಡಿ ಉದ್ದ, ಎರಡಡಿ ಅಗಲ. ಹಸಿ ಬಿದಿರೇ ಇರ್ಲಿ. ನಾಲ್ಕು ಮೂಲೆಗೂ ಹಗ್ಗ."

ಭೀಮರಾಜ ದನಿ ಇಳಿಸಿ ಕೇಳಿದನಂತೆ. "ಭಾರ ಎಷ್ಟಿದ್ದಾತು ತಾಯಿ?"

"ಭಾರ ಏನೂ ಇಲ್ಲ ಅಣ್ಣ. ಎಲ್ಲಾ ಒಣಗೋಗಿದೆ. ಹಗುರ. ಮೇಲೆ ಒಂದಿಷ್ಟು ಹುಲ್ಲು ಹಾಸಿ, ಹೂವು ಕಟ್ತೀವಿ ಅಷ್ಟೇ. ದುಡ್ಡು ನೀವು ಎಷ್ಟ್ ಹೇಳಿದ್ರೂ ಸರಿ."

ನಮ್ಮ ಕಡೆ ಚಟ್ಟಕ್ಕೆ ಯಾರೂ ಚಟ್ಟ ಅನ್ನುವುದಿಲ್ಲ. 'ಏಣಿ' ಎನ್ನುತ್ತಾರೆ, 'ಮಲಗ್ಸೋ ಏಣಿ' ಎನ್ನುತ್ತಾರೆ. ಅದಕ್ಕೆ ಚೌಕಾಸಿಯೂ ಇಲ್ಲ. ಕಟ್ಟುವವನು ಯಾರಿಗೆ ಎಂದು ಬಾಯಿಬಿಟ್ಟು ಕೇಳುವುದೂ ಇಲ್ಲ. ಪಿಳ್ಳಪ್ಪನವರ ಮನೆಯಲ್ಲಿ ಒಣಗಿ ಹಗುರವಾದವರು ಯಾರೆಂದು ಭೀಮರಾಜನಿಗೆ ಗೊತ್ತಿಲ್ಲವೇ? "ಆಯ್ತು ಬುಡಿ ತಾಯಿ, ಧೈರ್ಯ ತಕ್ಕಳಿ" ಎಂದು ಫೋನಿಟ್ಟ. ಏಣಿಗೆ ಧೈರ್ಯ ಯಾಕೆ ಎಂದು ಟೌನಿನ ಹುಡುಗಿ ಯೋಚಿಸಲೂ ಇಲ್ಲ.

ಶನಿವಾರ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಡೇರಿಯ ಕಾರ್ಯದರ್ಶಿ ಹರಿಪ್ರಸಾದ್ ಬಂದು ಎದುರಿಗೆ ನಿಂತ. ಕೈಯಲ್ಲಿ ಹೂವಿನ ಹಾರ, ಮುಖ ಸಪ್ಪಗೆ. ರಂಗೋಲಿಯನ್ನು ವಿಚಿತ್ರವಾಗಿ ನೋಡಿದ.

"ಯಾವಾಗ ಹೋಗಿದ್ದಮ್ಮಾ?" ಎಂದ.

"ನಿನ್ನೆ ರಾತ್ರಿ ಊಟದೊತ್ತಿಗೆ ಹೋಗಿದ್ದು ಕಣಪ್ಪ. ಇನ್ನೂ ಬಂದಿಲ್ಲ" ಎಂದೆ ನಾನು, ಕರೆಂಟಿನ ವಿಚಾರ ಎಂದುಕೊಂಡು.

ಅವನ ಕಣ್ಣಲ್ಲಿ ನೀರು ಬಂತು. "ಇನ್ನೆಲ್ಲಿ ಬತ್ತಾರಮ್ಮ. ಸಮಾಧಾನ ಮಾಡ್ಕಳಿ. ದೊಡ್ ಜೀವ."

ದೊಡ್ಡ ಜೀವವೇ? ಲೈನ್‌ಮನ್‌ಗೆ ಇಷ್ಟು ಮರ್ಯಾದೆ ಯಾಕೆ ಎಂದು ನಾನು ತಲೆ ಎತ್ತುವಷ್ಟರಲ್ಲಿ ಇನ್ನೂ ಏಳೆಂಟು ಜನ ಬಂದು ಬೇಲಿಯ ಪಕ್ಕ ನಿಂತಿದ್ದರು, ಹೆಂಗಸರು ಸೆರಗು ಬಾಯಿಗೆ ಹಿಡಿದು. ಹಿಂದೆಯೇ ಭೀಮರಾಜನ ಲಗೇಜ್ ಆಟೋ. ಅದರಿಂದ ಹಚ್ಚ ಹಸಿರು ಬಿದಿರಿನದು ಇಳಿಯಿತು. ಆರಡಿ ಉದ್ದ, ಎರಡಡಿ ಅಗಲ. ಪುಡಿ ಬಟ್ಟಲು ಕೈಯಿಂದ ಬಿತ್ತು.

"ಯಾರ್ ಮನೆಗೋ ಇದು!" ಎಂದು ಕಿರುಚಿದೆ.

"ನಿಮ್ ಸೊಸೇನೇ ಹೇಳಿದ್ದಲ್ವರಾ..." ಎಂದ ಭೀಮರಾಜ.

"ಬಂತಾ ಅಣ್ಣಾ! ಎಷ್ಟ್ ಚೆನ್ನಾಗಿದೆ!" ಎನ್ನುತ್ತಾ ಸಿಂಚನ ನಗುನಗುತ್ತಾ ಹೊರಗೆ ಓಡಿಬಂದಳು. ಬೇಲಿಯ ಪಕ್ಕದ ಹೆಂಗಸರು ಅವಳನ್ನು ನೋಡಿದ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ.

ಅಷ್ಟರಲ್ಲಿ ಬೀದಿಯ ತುದಿಯಿಂದ ಗೋಳು ಕೇಳಿಸಿತು. ಭೀಮರಾಜ ಡೇರಿಯಲ್ಲಿ ಬಾಯಿಬಿಟ್ಟಿದ್ದ, ಡೇರಿಯವರ ವಾಟ್ಸಾಪ್ ಗುಂಪಿನಿಂದ ಸುದ್ದಿ ಬೆಳಿಗ್ಗೆ ಆರಕ್ಕೇ ನಂದಗುಡಿ ಮುಟ್ಟಿತ್ತು. ಆಟೋ ನಿಲ್ಲುವ ಮೊದಲೇ ಸಪ್ಪಲಮ್ಮ ಇಳಿದರು. ಕೂದಲು ಬಿಚ್ಚಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅವ್ವೋ! ನನ್ನವ್ವೋ! ಪಾಪಿ ಕಣವ್ವೋ ನಾನು! ಒಂಬತ್ತು ವರ್ಸ ನಿನ್ ಮನೆಗೆ ಬರ್ದೆ ಹಟ ಮಾಡಿದ್ನಲ್ಲವ್ವೋ!" ಎಂದು ಎದೆ ಬಡಿದುಕೊಳ್ಳುತ್ತಾ ಬಂದು ಏಣಿಯ ಪಕ್ಕ ಕುಸಿದರು. ಊರ ಹೆಂಗಸರೂ ಸೇರಿಸಿ ಅಳತೊಡಗಿದರು. ನಡುವೆ ನಾನು, ರಂಗೋಲಿ ಕೈ.

ಆಗ ಮನೆಯ ಮಗ್ಗುಲಿನಿಂದ ಅಮ್ಮಯಮ್ಮ ಬಂದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕಾಫಿ ಲೋಟ, ಎರಡು ಕೈಗೂ ಮೊಣಕೈವರೆಗೆ ಕೆಮ್ಮಣ್ಣು.

"ಯಾರೇ ಹೋಗಿದ್ದು?" ಎಂದರು.

ಹರಿಪ್ರಸಾದ್ ಎರಡು ಹೆಜ್ಜೆ ಹಿಂದೆ ಸರಿದು ರಂಗೋಲಿ ತುಳಿದ. ಒಬ್ಬಳು "ಅಯ್ಯಪ್ಪೋ!" ಎಂದು ಚೀರಿದಳು. ಭೀಮರಾಜ ಕೈ ಮುಗಿದ. ಸಪ್ಪಲಮ್ಮ ಬಾಯಿ ತೆರೆದಂತೆಯೇ ತಾಯಿಯನ್ನು ನೋಡಿದರು. ಎದ್ದರು. ಹತ್ತಿರ ಹೋಗಿ ಅವರ ಕೆನ್ನೆ ಮುಟ್ಟಿದರು, ಭುಜ ಮುಟ್ಟಿದರು, ಲೋಟ ಕೂಡ ಮುಟ್ಟಿ ನೋಡಿದರು. ಬಿಸಿ ಇತ್ತು.

ಯಾರು ಯಾರಿಗೆ ಏನು ಹೇಳಿದರು ಎಂಬುದನ್ನು ಬಿಡಿಸಲು ಕಾಲು ಗಂಟೆ ಹಿಡಿಯಿತು. ಭೀಮರಾಜ ಫೋನಿನ ಮಾತನ್ನು ಒಂದೊಂದಾಗಿ ಹೇಳಿದ. "ಎಲ್ಲಾ ಒಣಗೋಗಿದೆ, ಹಗುರ" ಎಂಬಲ್ಲಿಗೆ ಬರುವಷ್ಟರಲ್ಲಿ ಎಜಮಾನರು ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದರು. ಸಿಂಚನ ಮಾತ್ರ ಗೋಡೆಗೆ ಒರಗಿ ಗಳಗಳ ಅತ್ತಳು. ಗೋಡೆ ಬಿದ್ದ ದಿನವೂ ಅಳದಿದ್ದವಳು.

"ಅಜ್ಜಿ, ನಂಗೆ ಗೊತ್ತಿರ್ಲಿಲ್ಲ ಅಜ್ಜಿ. ನಿಮ್ ಕಾಲಿಗೆ ಬೀಳ್ತೀನಿ."

"ಅಳ್ತೀಯಾಕೆ ಹುಚ್ಚು ಮುಂಡೇದೆ? ಸತ್ತೋದ್ಲು ಅಂತ ಸುದ್ದಿ ಎದ್ರೆ ಆಯಸ್ಸು ಗಟ್ಟಿ ಆಯ್ತದೆ. ಇನ್ ಹತ್ತು ವರ್ಸ ಕೊಟ್ಟೆ ಕಣೆ ನಂಗೆ" ಎಂದರು ಅಮ್ಮಯಮ್ಮ. ಊರವರೆಲ್ಲಾ ನಕ್ಕರು.

ಸಪ್ಪಲಮ್ಮ ನಗಲಿಲ್ಲ. ಕೂದಲು ಗಂಟು ಹಾಕಿ, ಸೆರಗು ಸರಿ ಮಾಡಿಕೊಂಡರು. "ಬದುಕಿದ್ದೀಯಲ್ಲ, ಸಾಕು. ಆಟೋ ನಿಂತದೆ, ನಾನು ಹೊರಟೆ."

"ಒಳಗ್ ಬಾರೆ" ಎಂದರು ತಾಯಿ.

"ನಾನಾಡಿದ್ ಮಾತು ನಿಂಗೂ ನೆನಪದೆ ಅವ್ವ."

ಅಮ್ಮಯಮ್ಮ ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟರು. ಅವರು ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಒಂಬತ್ತು ವರ್ಷದಲ್ಲಿ ಒಂದು ಸಲವೂ ಅವರು ನನ್ನನ್ನು ನೇರವಾಗಿ ದೂರಿರಲಿಲ್ಲ. ಅವತ್ತೂ ದೂರಲಿಲ್ಲ, ಬರೀ ನೋಡಿದರು.

ಆ ಮುದುಕಿ ನಿಜವಾಗಿಯೂ ಹೋಗಿಬಿಟ್ಟಿದ್ದರೆ ನನ್ನ ಗತಿ ಏನಾಗುತ್ತಿತ್ತು? ಈ ಹೆಣ್ಣುಮಗಳು ಹೀಗೆಯೇ ಬಂದು, ಹೀಗೆಯೇ ಬಿದ್ದು ಹೊರಳುತ್ತಿದ್ದರು. ನಾನು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳಬೇಕಿತ್ತು. ಆಮೇಲೆ ಯಾರ ಹತ್ತಿರ ಹೋಗಿ ಏನು ಹೇಳಿದ್ದರೂ ಬಂದ ಭಾಗ್ಯವೇನು?

ಇಳಿದು ಹೋಗಿ ಆಟೋಗೆ ಅಡ್ಡ ನಿಂತೆ. ಅಂದು ಹತ್ತು ಜನರ ಮುಂದೆ ಅಂದಿದ್ದೆ, ಇಂದು ಮೂವತ್ತು ಜನ ಇದ್ದರು.

"ಅತ್ತಿಗೆ, ತಪ್ಪು ನಂದು. ನೀವು ಸಹಿ ಹಾಕಿದ್ದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಪಾಲಿನ ಮಾತು ಆಡ್ದೆ. ಫೋನ್ ಮಾಡ್ಬೇಕು ಅಂತ ಎಷ್ಟೋ ಸಲ ಅನ್ಕೊಂಡೆ, ಮುಖ ಇರ್ಲಿಲ್ಲ. ಈಗ ಕರೀತಿದ್ದೀನಿ. ನಿಮ್ಮಮ್ಮ ಇರೋ ಮನೆ, ನೀವು ಹುಟ್ಟಿದ್ ಜಾಗ. ಬನ್ನಿ ಒಳಗೆ."

ಸಪ್ಪಲಮ್ಮ ನನ್ನ ಎದುರಿಗೆ ಬಂದು ನಿಂತರು. "ಒಂಬತ್ತು ವರ್ಸ ಬೇಕಾಯ್ತೇನೆ ಈ ಮಾತಿಗೆ?"

"ಬೇಕಾಯ್ತು ಅತ್ತಿಗೆ."

"ಆಟೋ ಕಳ್ಸು" ಎಂದರು ಅವರು ತಮ್ಮನಿಗೆ. ಪಿಳ್ಳಪ್ಪನವರು ಕಣ್ಣೊರೆಸಿಕೊಳ್ಳುತ್ತಾ ಓಡಿದರು. ನಗುವಿನದೋ ಅಳುವಿನದೋ ಅವರಿಗೇ ತಿಳಿದಿರಲಿಲ್ಲ.

ಒಳಗೆ ಕಾಲಿಟ್ಟವರು ನಡುಮನೆಯಲ್ಲಿ ಗಕ್ಕನೆ ನಿಂತರು. ಕೆಮ್ಮಣ್ಣಿನ ಗೋಡೆ, ಗೋಣಿ ಪರದೆ, ದವನದ ವಾಸನೆ. ಕೆಡವಿದ ಮನೆ ಎಲ್ಲಿಂದ ಎದ್ದು ಬಂತು ಎನ್ನುವ ಹಾಗೆ ಸುತ್ತ ನೋಡಿದರು. ಕೈ ಚಾಚಿ ಗೋಡೆ ಸವರಿದರು. ನಾನು ಅಳುತ್ತಾರೆ ಎಂದುಕೊಂಡೆ.

"ಯಾವಳೇ ಮೆತ್ತಿದ್ದು ಇದನ್ನ? ಹಂದಿ ಉತ್ತಂಗಿದೆ" ಎಂದರು.

"ನಾನೇ, ಅತ್ತೆ" ಎಂದಳು ಸಿಂಚನ, ಮೂಗು ಒರೆಸಿಕೊಂಡು.

"ನೀರ್ ತತ್ತಾ. ಒಂದು ಹಳೇ ಸೀರೆ ಕೊಡು."

ಮೂರನೆಯ ಗೋಡೆ ಸಂಜೆಯೊಳಗೆ ಮುಗಿಯಿತು. 'ನನ್ ಮಗಳ ಕೈಗೆ ರೆಕ್ಕೆ ಅವೆ' ಎಂದು ಅಮ್ಮಯಮ್ಮ ಕೂತಲ್ಲೇ ಹೊಗಳಿದರು. ಕೆಳಗಿನ ಅಂಚಿಗೆ ಸುಣ್ಣದಲ್ಲಿ ಬೆರಳದ್ದಿ ಎಳೆ ಬಿಡುವಾಗ ಸಪ್ಪಲಮ್ಮ, "ವರಲಕ್ಷ್ಮಿ, ನಿಂತ್ಕಂಡು ನೋಡ್ತೀಯಲ್ಲ, ಕೂರೆ ಇತ್ಲಾಗೆ" ಎಂದರು. ಮಂಡಿ ನೋವೆಂದು ಹೇಳೋಣ ಎಂದುಕೊಂಡೆ. ಹೇಳದೆ ಕೂತೆ. ಬೆರಳು ಏನನ್ನೂ ಮರೆತಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ, ಅಳಲು ಬಂದವರಿಗೆಲ್ಲಾ ಹಿತುಕಿದ ಅವರೆ ಸಾರು, ಮುದ್ದೆ ಹಾಕಿದೆವು. ಸಪ್ಪಲಮ್ಮ ಅವ್ವನ ಪಕ್ಕ ಕೂತು ಎರಡು ಮುದ್ದೆ ಉಂಡರು. ಅಮ್ಮಯಮ್ಮ ತಾವು ಉಣ್ಣದೆ ಮಗಳು ಉಣ್ಣುವುದನ್ನೇ ನೋಡುತ್ತಿದ್ದರು. ನಾನು ಸಾರು ಬಡಿಸುವ ನೆಪದಲ್ಲಿ ಮೂರು ಸಲ ಆ ಕಡೆ ಹೋದೆ. ಬಂದ ಹಾರಗಳನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. "ಅತ್ತೆ, ಅವನ್ನ ಒಣಗಿಸಿ ಇಟ್ರೆ..." ಎಂದು ಸಿಂಚನ ಶುರು ಮಾಡಿದಳು. "ಬಾಯ್ ಮುಚ್ಕೊಂಡ್ ಉಣ್ಣು" ಎಂದೆ. ಎಜಮಾನರು ಅವನ್ನು ಹಸುಗಳಿಗೆ ಹಾಕಿ ಬಂದರು. ಏಣಿಯನ್ನು ಭೀಮರಾಜ ತಾನೇ ಎರಡು ತುಂಡು ಮಾಡಿ, ಹಗ್ಗ ಬಿಚ್ಚಿ ಬೇರೆ ರೀತಿ ಕಟ್ಟಿ, "ಈಗಿದು ದೇವ್ರಾಣೆ ಬರೀ ಏಣಿ ಕಣಮ್ಮ" ಎಂದು ಸೂರಿಗೆ ತೂಗುಹಾಕಿದ. ಕಾಸು ಮುಟ್ಟಲಿಲ್ಲ. ನಮ್ಮತ್ತೆಯ ಕಾಲಿಗೆ ಬಿದ್ದು ಹೋದ.

ಭಾನುವಾರ ಕೀರ್ತನ ಮೇಡಂ ಬಂದರು. ಗೋಡೆಗೆ ಕೆನ್ನೆ ತಾಗಿಸಿ ನಿಂತು, "ನಾನು ಫ್ರಾನ್ಸ್‌ನಲ್ಲೂ ಇಂಥದ್ದು ನೋಡ್ಲಿಲ್ಲ. ಯಾರು ಮಾಡಿದ್ದು ಇದು?" ಎಂದರು. ಸಿಂಚನ ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ತಾಯಿ ಮಗಳ ಕಡೆ ಕೈ ತೋರಿಸಿದಳು. "ಅವ್ರು ಬಂದ್ರೆ ಮಾತ್ರ ನಾನು ನಿಮ್ ಕೆಲಸ ಒಪ್ಕೊಳೋದು ಮೇಡಂ" ಎಂದಳು. ಕೀರ್ತನ ಮೇಡಂ ಒಪ್ಪಿದರು. ಅಂಥದೇ ಏಣಿ ತಮಗೂ ಒಂದು ಬೇಕು ಎಂದರು. "ಅದೊಂದನ್ನ ನೀವೇ ಫೋನ್ ಮಾಡಿ ಹೇಳಿ ಮೇಡಂ" ಎಂದಳು ನನ್ನ ಸೊಸೆ.

ನನ್ನ ಟೈಲ್ಸ್ ಅಡುಗೆಮನೆಗೆ ಎಂದು ತೀರ್ಮಾನವಾಯಿತು. ನಾನು ದಿನದ ಅರ್ಧ ಇರುವುದು ಅಲ್ಲೇ ತಾನೇ. ನನ್ನ ಸೊಸೆ ಎಂಥ ತಪ್ಪು ಮಾಡಿದಳು ಎಂದು ಊರವರು ಈಗಲೂ ಆಡಿಕೊಳ್ಳುತ್ತಾರೆ. ಅವಳು ಆ ತಪ್ಪು ಮಾಡದೆ ಹೋಗಿದ್ದರೆ ನಾನು ನನ್ನ ತಪ್ಪನ್ನು ಕಟ್ಟಿಕೊಂಡೇ ಸಾಯುತ್ತಿದ್ದೆ. ಅವಳಿಗೆ ಇದನ್ನು ಬಾಯಿಬಿಟ್ಟು ಹೇಳಿದ್ದೇನೆ. ಹೇಳದೆ ಇಟ್ಟುಕೊಂಡರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸೋಮವಾರ ಬೆಳಿಗ್ಗೆ ಸಪ್ಪಲಮ್ಮ ನಂದಗುಡಿಗೆ ಹೊರಟರು. ಮುಂದಿನ ವಾರ ವಿಲ್ಲಾದ ಕೆಲಸಕ್ಕೆ ಬರಬೇಕು. ಚೀಲ ಎತ್ತಿಕೊಂಡರು, ಚಪ್ಪಲಿ ಇಲ್ಲದ ಕಾಲಿಗೆ ನನ್ನ ಚಪ್ಪಲಿ ಹಾಕಿಕೊಂಡರು, ಯಾರಿಗೂ ಏನೂ ಹೇಳದೆ ತಲೆ ತಗ್ಗಿಸಿ ಅಂಗಳ ಇಳಿದರು. ಮತ್ತೆ ಏನಾದರೂ ಅಂದೆನೇ ನಾನು? ಆಮೇಲೆ ಹೊಳೆಯಿತು. ಸಾವಿನ ಮನೆಗೆಂದು ಬಂದವರು ಹೋಗುವಾಗ ಹೇಳಿ ಹೋಗುವುದಿಲ್ಲ. ಅವರು ಹಳೇ ಕಾಲದವರು, ಬಂದ ರೀತಿಯಲ್ಲೇ ಹೊರಟಿದ್ದರು.

"ಲೇ ಸಪ್ಪಲಿ!" ಎಂದು ಅಮ್ಮಯಮ್ಮ ಜಗಲಿಯಿಂದ ಕೂಗಿದ ಕೂಗಿಗೆ ಬೀದಿಯ ನಾಯಿ ಎದ್ದು ನಿಂತಿತು. "ಹೇಳ್ದೆ ಹೋಗ್ತೀಯಲ್ಲೇ, ನಾನೇನ್ ಸತ್ತಿದ್ದೀನಾ?"

ಸಪ್ಪಲಮ್ಮ ಬೇಲಿಯ ಹತ್ತಿರ ನಿಂತರು. ತಿರುಗಿ ಅವ್ವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹೋಗ್ಬತ್ತೀನಿ ಕಣವ್ವ" ಎಂದರು. "ಹೋಗ್ಬತ್ತೀನಿ ಕಣೆ ವರಲಕ್ಷ್ಮಿ."

"ಹೂಂ ಅತ್ತಿಗೆ, ಬನ್ನಿ" ಎಂದೆ. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಜೋರಾಗಿ ಹೇಳಿದೆ.